ಮೆಟ್ಟಿಲ ಮೇಲಿನ ಟೆನಿಸ್

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವರ ಕೆಲಸ. ಆದರೆ ಅವರಿದ್ದ ಕಟ್ಟಡದಲ್ಲಿ ಅವರನ್ನು ಯಾರೂ ಕನ್ನಡಕದವರು ಎನ್ನಲಿಲ್ಲ, ಮೆಟ್ಟಿಲು ಮಾಮ ಎಂದರು. ಅಡ್ಡಹೆಸರು ಇಡುವುದರಲ್ಲಿ ನೆರೆಹೊರೆಯವರದು ಎತ್ತಿದ ಕೈ. ಮನೆಯೊಳಗೆ ಟೀವಿ ಜೋರಾಗಿ ಓಡುತ್ತಿರುತ್ತದೆ, ಮನೆಯ ಯಜಮಾನರು ಮಾತ್ರ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕಂಬಿ ಹಿಡಿದು, ಸುಣ್ಣ ಕಿತ್ತ ಗೋಡೆ ನೋಡುತ್ತ ನಿಂತಿರುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಗಂಡ ಹೆಂಡಿರ ಜಗಳವೆಂದುಕೊಂಡು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ "ನಮ್ದು!" ಎಂದು ಹೆಂಗಸಿನ ಕೂಗು. ಮಾಮ ಮುಖ ಅರಳಿಸಿಕೊಂಡು ಒಳಗೆ ನುಗ್ಗುವರು. "ಅವ್ರದ್ದು" ಎಂದು ಕೇಳಿಸಿದರೆ ಇನ್ನೊಂದು ಮೆಟ್ಟಿಲು ಇಳಿದು ನಿಲ್ಲುವರು.

ವಿಷಯ ಇಷ್ಟೇ. ಗಂಡ ಹೆಂಡತಿ ಇಬ್ಬರಿಗೂ ಟೆನಿಸ್ ಹುಚ್ಚು. ಇಬ್ಬರಲ್ಲಿ ಒಬ್ಬರೂ ಜೀವಮಾನದಲ್ಲಿ ರ್ಯಾಕೆಟ್ ಹಿಡಿದವರಲ್ಲ, ಅದು ಬೇರೆ ಮಾತು. ಎಡಗೈಯಲ್ಲಿ ಆಡುವ ಒಬ್ಬ ಆಟಗಾರ್ತಿಯನ್ನು ಅವಳು ಇನ್ನೂ ಮೊಡವೆ ಮುಖದ ಹುಡುಗಿಯಾಗಿದ್ದಾಗಲೇ ಹೆಂಡತಿ ಆರಿಸಿಕೊಂಡಿದ್ದರು. ಎಡಚಿ ಎಂದು ಹೆಸರಿಟ್ಟವರೂ ಅವರೇ. ಎಡಚಿಯ ಮೊದಲ ದೊಡ್ಡ ಪಂದ್ಯ ನಡೆಯುತ್ತಿದ್ದಾಗ, ಇನ್ನೇನು ಸೋತೇಬಿಟ್ಟಳು ಎನ್ನುವ ಹೊತ್ತಿಗೆ, ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿದೆ ಎಂದು ಮಾಮ ಮೋಟರ್ ಆರಿಸಲು ಎದ್ದು ಹೋದರು. ತಿರುಗಿ ಬರುವಷ್ಟರಲ್ಲಿ ಎಡಚಿ ಗೆದ್ದಿದ್ದಳು.

"ರೀ, ಇನ್ಮೇಲೆ ಕಷ್ಟದ ಹೊತ್ತಲ್ಲಿ ನೀವು ಒಳಗಿರೋದೇ ಬೇಡ. ಊರವರ ಕಣ್ಣಿಗೆಲ್ಲ ಗಾಜು ಕೂರಿಸ್ತೀರಿ, ನಿಮ್ಮ ಕಣ್ಣೇ ಸರಿ ಇಲ್ಲ."

"ನಾನೇನು ಮಾಡ್ದೆನೇ? ಸುಮ್ನೆ ನೋಡ್ತಾ ಕೂತಿದ್ದೆ."

"ಅದೇ ಹೇಳ್ತಿರೋದು. ನೋಡ್ಬೇಡಿ."

ಅಂದಿನಿಂದ ಅದೇ ಕಟ್ಟಳೆಯಾಯಿತು. ಆಟ ಬಿಗಿಯಾದರೆ ಮಾಮ ಹೊರಗೆ, ಹೆಂಡತಿ ಒಳಗೆ. ಸಾವಿರಾರು ಮೈಲಿ ಆಚೆ ಆಡುವವಳಿಗೂ ಇಲ್ಲಿ ಗೋಡೆ ನೋಡುತ್ತ ನಿಂತವರಿಗೂ ಏನು ಸಂಬಂಧ ಎಂದು ನಗುವವರು ನಗಲಿ. ಅಭಿಮಾನಿಯ ಕೈಯಲ್ಲಿ ರ್ಯಾಕೆಟ್ ಇಲ್ಲ, ಚೆಂಡಿಲ್ಲ. ಪಾಪ, ಅವನಿಗೂ ಮಾಡಲು ಏನಾದರೂ ಕೆಲಸ ಬೇಕಲ್ಲ!

ಹೋದ ವರ್ಷದ ಕೊನೆಗೆ ಹೆಂಡತಿಗೆ ಜ್ವರ ಬಂತು. ಜ್ವರ ಎದೆಗಿಳಿಯಿತು, ಆಸ್ಪತ್ರೆ ಸೇರಬೇಕಾಯಿತು. ಮಂಚದ ಪಕ್ಕದ ಯಂತ್ರದಲ್ಲಿ ಹಸಿರು ಅಂಕಿಗಳು ಏರುವುದು, ಇಳಿಯುವುದು ಮಾಡುತ್ತಿದ್ದವು. ಒಂದು ಮಧ್ಯಾಹ್ನ ಇಳಿದದ್ದು ಮತ್ತೆ ಏರಲಿಲ್ಲ. ಯಂತ್ರ ಕೂಗಿಕೊಂಡಿತು, ನರ್ಸ್ ಓಡಿಬಂದರು. ಮಾಮ ಎದ್ದು ಹೊರಗೆ ಹೋದರು. ಯಾರೂ ಅವರನ್ನು ಹೊರಗೆ ಹೋಗಿ ಎನ್ನಲಿಲ್ಲ. ಕಾಲುಗಳು ತಾವಾಗಿಯೇ ಎದ್ದು ಹೊರಟವು. ಆಸ್ಪತ್ರೆಯ ಮೆಟ್ಟಿಲ ಬಳಿ ಕಂಬಿ ಹಿಡಿದು, ಒಳಗಿನಿಂದ ಯಾರಾದರೂ ಕೂಗಲಿ ಎಂದು ಕಾಯುತ್ತ ನಿಂತರು. ಕೂಗಿದರು. ಹೋಗಿ ನೋಡಿದರೆ ಎಲ್ಲ ಮುಗಿದಿತ್ತು.

"ಒಂದ್ಸಲ ಎಚ್ಚರ ಆಗಿತ್ತು," ಎಂದರು ನರ್ಸ್, ಸಮಾಧಾನಕ್ಕೆಂದೇ. "ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದ್ರು."

ಆ ಮಾತನ್ನು ಮಾಮ ಯಾರಿಗೂ ಹೇಳಲಿಲ್ಲ. ಡಾಕ್ಟರನ್ನು ಕರೆಯಲು ಹೋಗಿದ್ದೆ ಎಂದು ಮಗಳಿಗೆ ಹೇಳಿದರು. ಮಗಳು ನಂಬಿದಳು. ಅಳುವವರೆಲ್ಲ ಬಂದು ಅತ್ತು ಹೋದರು. ಮಾಮನಿಗೆ ಅಳು ಬರಲಿಲ್ಲ. ಒಳಗೆ ಏನೋ ಮರಗಟ್ಟಿಹೋಗಿತ್ತು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಕಾಲು ಜೋಮು ಹಿಡಿಯುವುದಿಲ್ಲವೇ, ಹಾಗೆ. ಜೋಮು ಬಿಡಲಿಲ್ಲ, ಅವರೂ ಅಲುಗಾಡಿಸಿ ನೋಡಲು ಹೋಗಲಿಲ್ಲ.

ಕೆಲಸಕ್ಕೆ ಮರಳಿದರು. ಗಾಜಿನ ನಟ್ಟನಡುವೆ ಚುಕ್ಕಿ ಇಟ್ಟು, ಉಜ್ಜುವ ಯಂತ್ರಕ್ಕೆ ಕೂರಿಸಿ, ಚಕ್ರದ ಮೇಲೆ ಸಣ್ಣಗೆ ನೀರು ಬೀಳುತ್ತಿರುವಾಗ ಅಂಚು ಸವೆಯುವುದನ್ನು ನೋಡುವುದು. ಚೌಕಟ್ಟನ್ನು ಬಿಸಿ ಗಾಳಿಗೆ ಹಿಡಿದು ಮೆತ್ತಗಾಗಿಸಿ ಗಾಜನ್ನು ಟಕ್ಕೆಂದು ಒಳಗೆ ಒತ್ತುವುದು. ಕೈಗೆ ಅಭ್ಯಾಸವಾದ ಕೆಲಸ, ಮನಸ್ಸಿನ ಹಂಗಿಲ್ಲದೆ ನಡೆಯಿತು. ಒಂದು ದಿನ ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಉಜ್ಜಿ ಕೂರಿಸಿಬಿಟ್ಟರು. ಅಂಗಡಿಯ ಯಜಮಾನಿ ಬಾಗಿಲಲ್ಲಿ ನಿಂತು, "ನಾಲ್ಕು ದಿನ ರಜಾ ಹಾಕಿ, ಸುಧಾರಿಸಿಕೊಂಡು ಬನ್ನಿ," ಎಂದರು. "ನಂಗೇನಾಗಿದೆ?" ಎಂದರು ಮಾಮ. ಅದು ನಿಜವಾದ ಪ್ರಶ್ನೆಯೇ ಆಗಿತ್ತು.

ಟೆನಿಸ್ ಯಾರ ಮನೆಯ ಸಾವಿಗೂ ಕಾಯುವುದಿಲ್ಲ. ಜನವರಿಯಲ್ಲಿ ಹೊಸ ಋತು ಶುರುವಾಯಿತು. ಕಾದ ಕಾವಲಿಯಂಥ ನೀಲಿ ಅಂಕಣ, ಕೊರಳಿಗೆ ಮಂಜುಗಡ್ಡೆಯ ಟವೆಲು ಸುತ್ತಿಕೊಂಡು ಕೂತ ಎಡಚಿ. ಮಾಮ ಟೀವಿ ಹಚ್ಚಿದರು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ, ಹಚ್ಚಿದರು. ಆಟ ಬಿಗಿಯಾಗುತ್ತಲೇ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ಒಳಗೆ ಚಪ್ಪಾಳೆ ಕೇಳಿಸಿತು. ಯಾರಿಗೆ ಬಿದ್ದ ಚಪ್ಪಾಳೆ? ಕೂಗಿ ಹೇಳುವವರಿಲ್ಲ. ಮುಗಿದಿರಬೇಕು ಎನಿಸಿದ ಮೇಲೆ ಒಳಗೆ ಹೋದರೆ ಟೈ ಕಟ್ಟಿದ ಇಬ್ಬರು ಮೇಜಿನ ಹಿಂದೆ ಕೂತು ಬೇರೆ ಯಾವುದೋ ಪಂದ್ಯದ ಮಾತಾಡುತ್ತಿದ್ದರು. ಎಡಚಿ ಗೆದ್ದಿದ್ದಳು ಎಂದು ಕೆಳಗಿನ ಮನೆಯ ನಿವೃತ್ತ ಕಂಡಕ್ಟರ್ ಮರುದಿನ ಹೇಳಿದರು. ಮಾಮನಿಗೆ ಸಂತೋಷವೇನೂ ಆಗಲಿಲ್ಲ. "ಸರಿ ಹಾಗಾದ್ರೆ," ಎಂದರು.

ಈ "ಸರಿ"ಯಲ್ಲೇ ಎಲ್ಲ ಇತ್ತು. ಎಡಚಿ ಗೆಲ್ಲುವುದು, ಸೋಲುವುದು ಅವರಿಗೆ ಈಗ ಎಳ್ಳಷ್ಟೂ ಬೇಕಿರಲಿಲ್ಲ. ಕಟ್ಟಳೆ ಉಳಿಯುವುದು ಬೇಕಿತ್ತು. ತಾನು ನೋಡಿದರೆ ಕೆಡುತ್ತದೆ ಎನ್ನುವುದು ನಿಜವಾದರೆ, ಅಂದು ಎದ್ದು ಹೊರಗೆ ಹೋದದ್ದು ಹೆಂಡತಿಗಾಗಿ ಮಾಡಿದ ಕೊನೆಯ ಪ್ರಯತ್ನ. ಅದು ಸುಳ್ಳಾದರೆ? ಆಗ ಅವಳು ಕಣ್ಣು ಬಿಟ್ಟಾಗ ಅಲ್ಲಿರಬೇಕಾದ ಮನುಷ್ಯ ಏನೂ ಇಲ್ಲದ್ದಕ್ಕೆ ಕಂಬಿ ಹಿಡಿದು ನಿಂತಿದ್ದ. ಹೀಗೆಂದು ಮಾಮ ಬಿಡಿಸಿ ಯೋಚಿಸಿದರೆಂದಲ್ಲ. ಆದರೆ ಆ ವರ್ಷವಿಡೀ ಅವರು ಕಾಯ್ದದ್ದು ಇದೊಂದನ್ನೇ.

ಕಾಯುವುದೇನು ಸುಲಭವೇ? ಕೆಂಪು ಮಣ್ಣಿನ ಅಂಕಣದ ತಿಂಗಳುಗಳಲ್ಲಿ ಎಡಚಿ ಮೇಲಿಂದ ಮೇಲೆ ಸೋತಳು, ಮಾಮ ಹೊರಗಿದ್ದಾಗಲೇ ಸೋತಳು. ಮಾಮ ವಕೀಲರ ಹಾಗೆ ವಾದ ಹೂಡಿದರು. ಬಾಗಿಲು ಸಂದು ಬಿಟ್ಟಿತ್ತು, ಕಿವಿಗೆ ಬಿದ್ದರೂ ನೋಡಿದ ಹಾಗೇ ಲೆಕ್ಕ. ಮುಂದಿನ ಸಲ ಬಾಗಿಲು ಪೂರ್ತಿ ಎಳೆದುಕೊಂಡು ಒಂದು ಮಹಡಿ ಕೆಳಗೆ ಹೋಗಿ ನಿಂತರು. ಆಗಲೂ ಸೋತಳು. ಏಳುವುದು ತಡವಾಯಿತು, ಅದಕ್ಕೇ ಎಂದುಕೊಂಡರು. ಹೊರಗಿದ್ದಾಗ ಸೋತರೆ ಹೀಗೆ ನೂರು ಸಬೂಬು ಸಿಗುತ್ತದೆ. ಒಳಗಿದ್ದು ಕಣ್ಣಾರೆ ನೋಡುತ್ತಿರುವಾಗ ಗೆದ್ದುಬಿಟ್ಟರೆ ಮಾತ್ರ ಒಂದೂ ಸಿಗುವುದಿಲ್ಲ. ಆದ್ದರಿಂದ ಮಾಮ ಒಳಗೆ ಕೂರುವ ಗೋಜಿಗೇ ಹೋಗಲಿಲ್ಲ.

ಹುಲ್ಲಿನ ಅಂಕಣದ ಆಟ ಮುಗಿದ ಮೇಲೆ ಎಡಚಿ ಮೈಕಿನ ಮುಂದೆ ಕೂತು, ಇದೇ ನನ್ನ ಕೊನೆಯ ವರ್ಷ ಎಂದಳು. ಮೊಣಕಾಲು ಕೇಳುತ್ತಿಲ್ಲವಂತೆ. ಸುದ್ದಿ ಕೇಳಿ ಮಗಳು ಓಡಿಬಂದಳು. ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಇಡೀ ದಿನ ಗಾಬರಿಬಿದ್ದವರ ಪಕ್ಕ ಕೂತು, ಅವರು ತಪ್ಪು ಮಾಡಿದರೆ ತಪ್ಪು ಎಂದೇ ಹೇಳಿ ಹೇಳಿ, ಮಾತು ಮೆತ್ತಗೆ ಮಾಡುವುದನ್ನೇ ಮರೆತಿದ್ದಳು. ಅವಳೂ ಎಡಚಿಯ ಆಟ ನೋಡಿಕೊಂಡೇ ದೊಡ್ಡವಳಾದವಳು.

"ಅಪ್ಪ, ಬೇಜಾರಾಯ್ತಾ?"

"ಏನೂ ಆಗ್ಲಿಲ್ಲ ಕಣೇ."

"ಸುಳ್ಳು."

ಸುಳ್ಳಾಗಿರಲಿಲ್ಲ. ನಿಜವಾಗಿಯೂ ಅವರಿಗೆ ಏನೂ ಆಗಿರಲಿಲ್ಲ. ಮಗಳಿಗೆ ಅದೇ ಹೆದರಿಕೆ ಹುಟ್ಟಿಸಿತು. ಅಂದಿನಿಂದ ಎಡಚಿಯ ಪಂದ್ಯವಿದ್ದು ಅವಳಿಗೆ ಬಿಡುವಿದ್ದರೆ ಬಂದು ಅಮ್ಮನ ಕುರ್ಚಿಯಲ್ಲಿ ಕೂರತೊಡಗಿದಳು. ಅಪ್ಪ ಎದ್ದು ಹೊರಗೆ ಹೋಗುವುದನ್ನು ಹಳೆಯ ಆಟವೆಂದು ಬಿಟ್ಟಳು. ತಾನೂ "ನಮ್ದು" ಎಂದು ಕೂಗಿ ನೋಡಿದಳು. ಮಾಮ ಮುಖ ಅರಳಿಸಲಿಲ್ಲ. ಬಂದು ಕೂತರು, ಅಷ್ಟೇ.

ಋತುವಿನ ಕೊನೆಯ ಟೂರ್ನಿ ಚಾವಣಿಯಡಿಯ ಅಂಕಣದಲ್ಲಿ. ಭಾನುವಾರ ಮಧ್ಯಾಹ್ನ ಎಡಚಿಯ ಎರಡನೇ ಸುತ್ತಿನ ಪಂದ್ಯ. ಸೋತರೆ ಇನ್ನು ಅವಳು ಆಡುವುದೇ ಇಲ್ಲ. ಎದುರಾಳಿ ಎಳೆಯ ಹುಡುಗಿ, ಜಿಂಕೆಯ ಹಾಗೆ ಓಡುತ್ತಿದ್ದಳು. ಮೂರನೇ ಸೆಟ್ ಆರು-ಆರಾಗಿ ಟೈಬ್ರೇಕ್ ಬಂತು. ಮೊದಲು ಏಳು ಅಂಕ ಮುಟ್ಟಿದವರದು ಪಂದ್ಯ, ಆದರೆ ಎರಡು ಅಂಕದ ಅಂತರವಿರಬೇಕು. ಅಷ್ಟರಲ್ಲಿ ಪ್ರೇಕ್ಷಕರಲ್ಲಿ ಯಾರಿಗೋ ತಲೆಸುತ್ತು ಬಂದು ಆಟ ನಿಂತಿತು. ಮಾಮ ಎದ್ದರು.

ಮಗಳು ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಬಿಡಲ್ಲ. ಇಷ್ಟು ವರ್ಷದ ಮೇಲೆ ಅವಳ ಕೊನೇ ಆಟನೂ ನೋಡಲ್ವಾ?"

"ದಾರಿ ಬಿಡು ಪುಟ್ಟಿ. ನಾನು ನೋಡಿದ್ರೆ ಕೆಡತ್ತೆ."

"ಏನಪ್ಪ ಕೆಡತ್ತೆ? ಅಮ್ಮ ತಮಾಷೆಗೆ ಹೇಳಿದ್ದನ್ನ ನೀನು—"

"ತಮಾಷೆ ಅಲ್ಲ," ಎಂದರು ಮಾಮ. ದನಿ ಏರಲಿಲ್ಲ, ಇಳಿಯಲಿಲ್ಲ. "ನಾನು ಡಾಕ್ಟರನ್ನ ಕರೆಯೋಕೆ ಹೋಗಿರ್ಲಿಲ್ಲ. ಅಂಕಿ ಇಳಿತಾ ಇತ್ತು. ನೋಡಬಾರದು ಅಂತ ಹೊರಗೆ ಹೋದೆ. ಅವಳಿಗೆ ಎಚ್ಚರ ಆಗಿತ್ತಂತೆ. ಬಾಗಿಲ ಕಡೆ ನೋಡಿದ್ಲಂತೆ."

ಮಗಳಿಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಅಪ್ಪ ವರ್ಷವಿಡೀ ಮೆಟ್ಟಿಲ ಮೇಲೆ ಯಾಕೆ ನಿಂತರೆನ್ನುವುದು ಆಗ ಅವಳಿಗೆ ಅರ್ಥವಾಯಿತು. ಟೀವಿಯಲ್ಲಿ ಯಾರನ್ನೋ ಸ್ಟ್ರೆಚರಿನಲ್ಲಿ ಕರೆದೊಯ್ದರು, ಆಟಗಾರ್ತಿಯರು ಎದ್ದು ನಿಂತರು. ಮಗಳು ಅಪ್ಪನ ಮುಂಗೈ ಹಿಡಿದುಕೊಂಡಳು.

"ಕೂತ್ಕೋ. ನೋಡೋಣ. ಹೇಗೂ ಅವಳು ಸೋಲ್ತಾಳೆ. ಕಾಲು ಎಳೀತಿದ್ದಾಳೆ ನೋಡು. ನೀನು ನೋಡ್ತಾ ಇದ್ದಾಗಲೇ ಸೋತ್ರೆ ನೀನು ಹೊರಗೆ ಹೋಗಿದ್ದೇ ಸರಿ ಅಂತಾಯ್ತಲ್ಲ. ಅಲ್ಲಿಗೆ ಮುಗೀತು."

ಮಾಮನಿಗೆ ನಿಂತು ನಿಂತು ಸಾಕಾಗಿತ್ತು. ಕೂತರು.

ಹೀಗೆ ಆ ಮನೆಯಲ್ಲಿ ಹಿಂದೆಂದೂ ಆಗದ್ದು ಆಯಿತು. ಅಪ್ಪ ಮಗಳು ಇಬ್ಬರೂ ಪಕ್ಕಪಕ್ಕ ಕೂತು ಎಡಚಿ ಸೋಲಲಿ ಎಂದು ಬೇಡಿಕೊಂಡರು. ಎಡಚಿಯೂ ಹೇಳಿದ ಮಾತು ಕೇಳುವವಳ ಹಾಗೆ ಸೋಲುತ್ತ ಹೋದಳು. ಚೆಂಡು ಬಲೆಗೆ ಹೊಡೆದಳು, ಗೆರೆಯಾಚೆ ಹೊಡೆದಳು. ಮೂರು-ಆರು. ಹುಡುಗಿಗೆ ಇನ್ನೊಂದೇ ಅಂಕ ಸಾಕು. ಮಾಮ ಕಣ್ಣು ಮಿಟುಕಿಸದೆ ನೋಡಿದರು. ಭುಜ ಸ್ವಲ್ಪ ಸಡಿಲವಾಯಿತು. "ಸೋತ್ಬಿಡು ತಾಯಿ," ಎಂದು ಮಗಳು ಪಿಸುಗುಟ್ಟಿದಳು.

ಹುಡುಗಿ ಸರ್ವ್ ಮಾಡಲು ನಿಂತಳು. ಎರಡು ಸಲವೂ ಚೆಂಡು ಬಲೆಗೆ ಬಿತ್ತು. ನಾಲ್ಕು-ಆರು. ಹುಡುಗಿಯ ಮುಂದಿನ ಹೊಡೆತ ಗೆರೆಯಿಂದ ಒಂದು ಗೇಣು ಆಚೆ ಬಿತ್ತು, ಐದು-ಆರು. ಸರ್ವ್ ಎಡಚಿಯ ಕೈಗೆ ಬಂತು. ಎಡಗೈ ಬೀಸಿದಳು, ಹುಡುಗಿ ನಿಂತಲ್ಲೇ ನಿಂತಳು, ಆರು-ಆರು. ಮತ್ತೊಮ್ಮೆ ಬೀಸಿದಳು, ಏಳು-ಆರು. ಮಗಳು ಅಪ್ಪನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಈಗಲಾದರೂ ಎದ್ದು ಹೊರಗೆ ಹೋಗಬಹುದಿತ್ತು. ಮಾಮ ಏಳಲಿಲ್ಲ.

ಕೊನೆಯ ಅಂಕ ಬಹಳ ಹೊತ್ತು ನಡೆಯಿತು. ಎಡಚಿ ಕಾಲೆಳೆದುಕೊಂಡು ಆ ಮೂಲೆಗೂ ಈ ಮೂಲೆಗೂ ಓಡಿದಳು. ಹುಡುಗಿ ಹೊಡೆದ ಚೆಂಡು ಬಲೆಯ ಅಂಚಿಗೆ ಬಡಿದು ಮೇಲೆ ಹಾರಿತು, ಆಚೆಗೋ ಈಚೆಗೋ ಎನ್ನುವಷ್ಟರಲ್ಲಿ ಹುಡುಗಿಯ ಬದಿಗೇ ಬಿತ್ತು. ಎಡಚಿ ಮಂಡಿಯೂರಿ ಕೂತಳು. ಜನ ಎದ್ದು ನಿಂತರು. ಕೆಳಗಿನ ಮನೆಯಿಂದ ಕಂಡಕ್ಟರ್, "ಗೆದ್ಲು ಮಾಮ, ಗೆದ್ಲು!" ಎಂದು ಕೂಗಿದರು.

ಮಗಳು ಟೀವಿ ಆರಿಸಿದಳು. ಇಬ್ಬರೂ ಕಪ್ಪು ಪರದೆಯನ್ನೇ ನೋಡುತ್ತ ಕೂತರು. ರಸ್ತೆಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ನಾನು ನೋಡ್ತಾನೇ ಇದ್ದೆ," ಎಂದರು ಮಾಮ.

"ಹೂಂ."

"ಒಳಗೇ ಇರಬಹುದಿತ್ತು ಹಾಗಾದ್ರೆ. ಅಲ್ವೇನೇ?"

ಮಗಳು ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಟೆನಿಸ್ ಬೇರೆ, ಆಸ್ಪತ್ರೆ ಬೇರೆ ಎನ್ನಬಹುದಿತ್ತು. ಅವಳಿಗೆ ಹಾಗೆ ಮಾತಾಡಲು ಬರುತ್ತಿರಲಿಲ್ಲ.

"ಇರಬಹುದಿತ್ತಪ್ಪ," ಎಂದಳು.

ಆಗ ಮಾಮನಿಗೆ ಅಳು ಬಂತು. ಮೊದಲು ಕೆಮ್ಮಿನ ಹಾಗೆ ಬಂತು, ಆಮೇಲೆ ತಡೆಯಿಲ್ಲದೆ ಬಂತು. ಮಗಳು ಅವರನ್ನು ಸುಮ್ಮನಿರಿಸಲು ಹೋಗಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದಳು.