ಗದಿಗೆಪ್ಪನ ಪ್ರಾಗ್ ಶೀಟು

ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರು ಯುರೋಪಿನ ಪ್ರಾಗ್ ನಗರ ನೋಡಬೇಕೆಂದರೆ ಮೊದಲು ಟಿಕೆಟ್ ತೆಗೆಸುತ್ತಿರಲಿಲ್ಲ, ಗದಿಗೆಪ್ಪನಿಗೆ ಫೋನ್ ಮಾಡುತ್ತಿದ್ದರು. ರಾಣೆಬೆನ್ನೂರಿನ ಈ ಎಂಜಿನಿಯರ್ ಟೋಟೆಮ್ ಲೇಕ್‌ನಿಂದ ದಿನಾ ಬಸ್ಸಿನಲ್ಲಿ ಎವರೆಟ್‌ನ ಕಾರ್ಖಾನೆಗೆ ಹೋಗಿ, ವಿಮಾನದ ಸೀಟುಗಳು ಎಷ್ಟು ಭಾರ ತಡೆಯುತ್ತವೆ ಎಂದು ಲೆಕ್ಕ ಹಾಕುವವನು. ಅವನ ಎಕ್ಸೆಲ್ ಶೀಟಿನಲ್ಲಿ ಪ್ರಾಗ್‌ನ ಅರವತ್ತೊಂದು ಸಾಲುಗಳಿದ್ದವು. ಕೋಟೆಗೆ ಯಾವ ಟ್ರಾಮ್, ಚಾರ್ಲ್ಸ್ ಸೇತುವೆಗೆ ಎಷ್ಟು ಹೊತ್ತಿಗೆ ಹೋದರೆ ಜನ ಕಡಿಮೆ, ಎಲುಬುಗಳಿಂದ ಸಿಂಗರಿಸಿದ ಚರ್ಚಿರುವ ಕುಟ್ನಾ ಹೋರಾಕ್ಕೆ ರೈಲು ಎಲ್ಲಿ ಬದಲಿಸಬೇಕು, ಮಾಂಸವಿಲ್ಲದ ಸೂಪು ಎಲ್ಲಿ ಸಿಗುತ್ತದೆ, ಎಲ್ಲವೂ ಇತ್ತು. ಹೋಗಿ ಬಂದವರು ಹೇಳಿದ ತಿದ್ದುಪಡಿಯನ್ನು ಅದೇ ದಿನ ಸೇರಿಸುತ್ತಿದ್ದ.

ಆದರೆ ಗದಿಗೆಪ್ಪ ಪ್ರಾಗ್ ನೋಡಿರಲಿಲ್ಲ.

ಮುಚ್ಚಿಟ್ಟವನೂ ಅಲ್ಲ. "ನೀವು ಎಷ್ಟ್ ಸಲ ಹೋಗಿದೀರಾ ಸರ್?" ಎಂದು ಬೆಲ್ವ್ಯೂನ ಉಷಾ ಕೇಳಿದಾಗ, "ಇನ್ನೂ ಹೋಗಿಲ್ರಿ ಮೇಡಂ" ಎಂದಿದ್ದ. ತಮಾಷೆ ಎಂದುಕೊಂಡು ಅವಳು ನಕ್ಕುಬಿಟ್ಟಳು.

ಶೀಟು ಶುರುವಾದದ್ದು 2011ರಲ್ಲಿ, ಮದುವೆಯಾದ ಹೊಸತರಲ್ಲಿ. ಹೆಂಡತಿ ಗೌರಾದೇವಿ ಕ್ಯಾಲೆಂಡರಿನಲ್ಲಿದ್ದ ಪ್ರಾಗ್‌ನ ಚಿತ್ರಕ್ಕೆ ಬೆರಳಿಟ್ಟು "ಈ ಊರು ನೋಡಬೇಕ್ರಿ" ಎಂದಿದ್ದಳು. ಪ್ಲಾನು ಮುಗಿಯುವಷ್ಟರಲ್ಲಿ ಅವನ ಪಾಸ್‌ಪೋರ್ಟಿನ ಅಮೆರಿಕ ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಅಮೆರಿಕದಲ್ಲಿ ಇರಲು, ದುಡಿಯಲು ಅಡ್ಡಿಯಿರಲಿಲ್ಲ. ಒಮ್ಮೆ ಹೊರಗೆ ಕಾಲಿಟ್ಟರೆ ಮಾತ್ರ, ಹೊರದೇಶದಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ಹೊಸ ಸ್ಟಾಂಪ್ ಒತ್ತಿಸಿಕೊಂಡೇ ಒಳಗೆ ಬರಬೇಕು. ಅಂಥ ಕಾನ್ಸುಲೇಟು ಮೂರು ಗಂಟೆ ದಾರಿಯ, ಕೆನಡಾದ ವ್ಯಾಂಕೂವರ್‌ನಲ್ಲೇ ಇತ್ತು. ಆದರೆ ಅದೇ ವರ್ಷ ಅವನ ಸಹೋದ್ಯೋಗಿ ಚಂದ್ರಶೇಖರ್ ತಂಗಿಯ ಮದುವೆಗೆಂದು ಊರಿಗೆ ಹೋಗಿ, ಸ್ಟಾಂಪಿಗಾಗಿ ಐದು ತಿಂಗಳು ಚೆನ್ನೈಯಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಿದ್ದ. ಹಾವು ಕಚ್ಚಿದ್ದು ಚಂದ್ರಶೇಖರನಿಗೆ, ನಂಜೇರಿದ್ದು ಗದಿಗೆಪ್ಪನಿಗೆ.

"ಮುಂದಿನ ವರ್ಷ ನೋಡೂಣು" ಎನ್ನುತ್ತ ಆರು ವರ್ಷ ಕಳೆದ. ಅಷ್ಟರಲ್ಲಿ ಅವನ ಶೀಟು ಹಿಡಿದು ಹದಿನಾಲ್ಕು ಕುಟುಂಬಗಳು ಹೋಗಿಬಂದವು. ಎಲ್ಲರೂ ಕೃತಜ್ಞತೆಗೆ ತಂದುಕೊಟ್ಟದ್ದು ಅದೇ ಸೇತುವೆಯ ಮ್ಯಾಗ್ನೆಟ್ಟು. ಫ್ರಿಜ್ಜಿನ ಬಾಗಿಲ ಮೇಲಿನ ಹದಿನಾಲ್ಕು ಸೇತುವೆಗಳ ಧೂಳನ್ನು ಗೌರಾದೇವಿ ಶನಿವಾರಕ್ಕೊಮ್ಮೆ ಒರೆಸುತ್ತಿದ್ದಳು. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಅವನಿಗೆ ಕೇಳಿಸುವಂತೆಯೇ ಅನ್ನುತ್ತಿದ್ದಳು.

2016ರಲ್ಲಿ ತಮ್ಮನ ಮದುವೆಗೆ ಅವಳೊಬ್ಬಳೇ ಊರಿಗೆ ಹೋದಳು. ಅವಳ ಸ್ಟಾಂಪು ಆರೇ ದಿನಕ್ಕೆ ಸಿಕ್ಕಿತು. "ನಿಂದ ಬ್ಯಾರೆ, ನಂದ ಬ್ಯಾರೆ" ಎಂದ ಗದಿಗೆಪ್ಪ. ಅವಳ ವೀಸಾ ತನ್ನ ಕೆಲಸದ ಮೇಲೇ ನಿಂತದ್ದು, ಎರಡೂ ಒಂದೇ ಫೈಲಿನ ಕಾಗದಗಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುವರ್ಷದ ವಸಂತದಲ್ಲಿ ಉಷಾ ಶೀಟು ಕೇಳಲು ಮನೆಗೆ ಬಂದಳು. ಗಂಡ ಕೇಶವನಿಗೆ ರಜೆ ಸಿಕ್ಕಿರಲಿಲ್ಲ. "ಒಬ್ಳೇ ಹೋಗೋಕೆ ಬೇಜಾರು" ಎಂದಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

"ನಾ ಬರ್ತೀನಿ" ಎಂದಳು ಗೌರಾದೇವಿ.

ಗದಿಗೆಪ್ಪನಿಗೆ ನಿಜಕ್ಕೂ ನೋವಾಯಿತು. ಉಷಾ ಹೋದ ಮೇಲೆ ಗೌರಾದೇವಿಯೇ ಹೇಳಿದಳು: "ನಿಮ್ಮ ಕೂಡ ಹೋಗಬೇಕಂತ ಆರು ವರ್ಷ ಕಾದೀನ್ರಿ. ಇನ್ನ ಕಾಯೂದು ಆಗೂದಿಲ್ಲ."

ಯುರೋಪಿನ ವೀಸಾ ಬರುವವರೆಗೆ ಅವನು ಶೀಟನ್ನು ಮತ್ತೆ ತಿದ್ದಿದ. ಅವಳ ಮೊಣಕಾಲು ನೋವಿಗೆಂದು ಹೊಸದೊಂದು ಕಾಲಮ್ಮು: ಎಲ್ಲೆಲ್ಲಿ ಎಷ್ಟು ಮೆಟ್ಟಿಲು, ಎಲ್ಲೆಲ್ಲಿ ಬೆಂಚು. ಏರ್‌ಪೋರ್ಟಿನಲ್ಲಿ ಪ್ರಿಂಟು ಕೈಗಿಟ್ಟು "ಹುಷಾರು" ಎಂದಷ್ಟೇ ಹೇಳಿದ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಎವರೆಟ್‌ನಲ್ಲಿ ಬಸ್ಸಿಳಿದು ಕಾರ್ಖಾನೆಯ ಗೇಟಿನತ್ತ ನಡೆಯುತ್ತಿದ್ದಾಗ ವಿಡಿಯೋ ಕಾಲ್ ಬಂತು. ಅಲ್ಲಿ ಸಂಜೆ ಐದು. ಫೋನಿನ ತುಂಬ ಸೇತುವೆ, ಕಪ್ಪುಗಟ್ಟಿದ ಕಲ್ಲಿನ ಮೂರ್ತಿಗಳು, ಹೊಳೆಯಾಚೆ ಕೋಟೆ. ಗದಿಗೆಪ್ಪ ಅಲ್ಲೇ ನಿಂತುಬಿಟ್ಟ.

"ಇನ್ನ ಸ್ವಲ್ಪ ಎಡಕ್ಕ ತಿರುಗಿಸು. ಹಾಂ, ಆ ಗೋಪುರದ ಬಾಜೂಕ ಸಂದಿ ಐತಲ್ಲ, ಅಲ್ಲೊಂದು ಬೇಕರಿ... ಸೋಮವಾರ ಬಂದ್ ಇರತೈತಿ. ಅದನ್ನ ದಾಟಿ ಬಲಕ್ಕ..."

ಕ್ಯಾಮೆರಾ ಹೊರಳಿತು. ಸೇತುವೆ ಮಾಯವಾಗಿ ಗೌರಾದೇವಿಯ ಮುಖ ಬಂತು. ಗಾಳಿಗೆ ಕೂದಲೆಲ್ಲ ಕೆದರಿತ್ತು. ಕಣ್ಣು ಒದ್ದೆಯಾಗಿತ್ತು, ಆದರೂ ನಗುತ್ತಿದ್ದಳು.

"ಊರು ನಿಮಗ ಗೊತ್ತೈತಿ. ಸ್ವಲ್ಪ ನನ್ನ ನೋಡ್ರಿ."

ನೋಡಿದ. ಅವಳು ಹೀಗೆ ನಕ್ಕದ್ದನ್ನು ಆರು ವರ್ಷದಲ್ಲಿ ಕಂಡಿರಲಿಲ್ಲ. ಆ ನಗುವಿನ ಪಕ್ಕದಲ್ಲಿ ತಾನು ನಿಂತಿಲ್ಲ ಎಂಬುದು ಎದೆಗೆ ಚುಚ್ಚಿತು. ಶಿಫ್ಟಿನ ಜನ ಅವನನ್ನು ದಾಟಿ ಒಳಗೆ ಹೋದರು.

ಸಂಜೆ ಮನೆಗೆ ಬಂದವನೇ ಶೀಟು ತೆರೆದು, ಎಲ್ಲಕ್ಕಿಂತ ಮೇಲೆ ಹೊಸದೊಂದು ಸಾಲು ಸೇರಿಸಿದ. ವ್ಯಾಂಕೂವರ್, ಸ್ಟಾಂಪಿಂಗ್, ಒಬ್ಬರು. ತಾರೀಕಿನ ಜಾಗದಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಾನ್ಸುಲೇಟಿನ ವೆಬ್‌ಸೈಟಿಗೆ ಹೋಗಿ, ವೀಸಾ ಸಂದರ್ಶನಕ್ಕೆ ಇದ್ದುದರಲ್ಲೇ ಹತ್ತಿರದ ದಿನ ಹಿಡಿದ.