ಹಕ್ಕಿಗೆ ಚೆಲ್ಲಿದ ಚರಗ

ಸಂಜೆ ಐದಕ್ಕೆ ನನ್ನ ಮೊಣಕಾಲು ಸೋತಿರುತ್ತವೆ. ಆದರೂ ಈ ಚಳಿಗಾಲವಿಡೀ ಅದೇ ಹೊತ್ತಿಗೆ ರೊಟ್ಟಿ ಹಿಟ್ಟು ಮುಚ್ಚಿಟ್ಟು ಹೊಲದ ಬದುವಿನ ಮೇಲೆ ಹೋಗಿ ಕೂತೆ. ಬದುವಿನಾಚೆ ಗಾಯರಾಣ, ಮೂರು ಊರಿನ ದನ ಮೇಯುವ ಹುಲ್ಲುಗಾವಲು. ಚಳಿ ಬಿದ್ದ ಮೇಲೆ ಅಲ್ಲಿಗೆ ಗಿಡುಗನಂಥ ಹಕ್ಕಿಗಳು ಬರುತ್ತವೆ. ಹಗಲೆಲ್ಲ ಕಡಲೆ ಹೊಲದ ಮೇಲೆ ತೇಲಾಡಿ ಮಿಡತೆ, ಇಲಿ ಹಿಡಿಯುತ್ತವೆ. ಹೊತ್ತು ಮುಳುಗಿದರೆ ಗಿಡ ಹತ್ತುವುದಿಲ್ಲ, ಹುಲ್ಲಿನೊಳಗೆ ನೆಲಕ್ಕೇ ಇಳಿದು ಮಲಗುತ್ತವೆ.

ಮಳೆಗಾಲ ಮುಗಿದಾಗ ಮೂರೂ ಊರಿನ ಪಂಚಾಯ್ತಿಯವರು, ಅರಣ್ಯ ಇಲಾಖೆಯವರು, ಧಾರವಾಡದ ಹಕ್ಕಿ ನೋಡುವ ಮಂದಿ ಹನುಮಪ್ಪನ ಗುಡಿ ಕಟ್ಟೆಗೆ ಸೇರಿ ಒಪ್ಪಂದ ಮಾಡಿಕೊಂಡಿದ್ದರು. ಶಿವರಾತ್ರಿಯವರೆಗೆ ಗಾಯರಾಣದ ನಡುವಿನ ಹುಲ್ಲು ಕೊಯ್ಯಬಾರದು, ದನ ಬಿಡಬಾರದು, ನಾಯಿ ಹೋಗದಂತೆ ನೋಡಿಕೊಳ್ಳಬೇಕು. ಊರಿಗೊಬ್ಬರು ಸಂಜೆ ಕಾಯಬೇಕು. ನಮ್ಮ ಹೊಲ ಹತ್ತಿಕೊಂಡೇ ಇದೆಯೆಂದು ನಮ್ಮೂರ ಕಾವಲು ನನ್ನ ಪಾಲಿಗೆ ಬಂತು. ಮನೆಯ ಕೆಲಸವೇ ಮುಗಿಯದವಳಿಗೆ ಇದೊಂದು.

ಕಾಯುವುದಕ್ಕಿಂತ ಕಷ್ಟವಾದದ್ದು ಬಾಜು ಮನೆಯ ಮುಸಲ್ಮಾನರ ಅಕ್ಕನನ್ನು ಒಪ್ಪಿಸುವುದು. ಅವಳ ಎರಡು ಎಮ್ಮೆಗೆ ಆ ಹುಲ್ಲೇ ಆಧಾರ.

"ನಿನ್ನ ಹಕ್ಕಿ ಹಾಲ್ ಕೊಡತಾವೇನಬೇ?" ಎಂದಳು.

"ಇಲ್ಲಬೇ ಅಕ್ಕಾ. ದೂರದಿಂದ ಬಂದಾವು, ಶಿವರಾತ್ರಿ ತನಕಾ ಅಷ್ಟ."

"ನಿನ್ನ ಮಾರಿ ನೋಡಿ ಹುಲ್ಲ ಬಿಡ್ತೀನಿ. ಹಕ್ಕಿ ಮಾರಿ ನೋಡಿ ಅಲ್ಲ ಮತ್ತ."

ಅಂದಿನಿಂದ ಅವಳು ಮುಂಜಾನೆ ಮೈಲುದೂರದ ಕಾಲುವೆ ದಂಡೆಗೆ ಹೋಗಿ ಹುಲ್ಲು ಹೊತ್ತು ತರತೊಡಗಿದಳು. ಅವಳ ತಲೆಯ ಮೇಲಿನ ಹೊರೆ ಕಂಡಾಗಲೆಲ್ಲ ನನ್ನ ಕುತ್ತಿಗೆ ನೋಯುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಅದೇ ಅಡುಗೆಯ ಚರಗವನ್ನು ಬೆಳೆಯ ಸುತ್ತ ಚೆಲ್ಲಿದೆವು. ಭೂಮಿತಾಯಿ ಬಸುರಿ, ಅವಳಿಗೆ ಉಣಿಸುವ ದಿನ ಅದು. ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಹಬ್ಬದ ದಿನ ಮನೆಗೆ ಬಂದವರನ್ನು ಉಪವಾಸ ಬಿಡುತ್ತೇವೆಯೇ? ಬದು ದಾಟಿ ಗಾಯರಾಣಕ್ಕೆ ಹೋಗಿ, ಹಕ್ಕಿ ಇಳಿಯುವ ಜಾಗದಲ್ಲೇ ಅಷ್ಟನ್ನೂ ಚೆಲ್ಲಿ ಕೈಮುಗಿದು ಬಂದೆ. ಮಿಡತೆ ತಿನ್ನುವ ಹಕ್ಕಿ ಕಡುಬು ಮುಟ್ಟುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಸಂಜೆ ನೋಡುತ್ತೇನೆ, ಮೂರೂ ಊರಿನ ನಾಯಿಗಳು ಅಲ್ಲಿವೆ. ಹಕ್ಕಿಗಳು ಮೇಲೆ ಸುತ್ತಿ ಸುತ್ತಿ, ಕೆಳಗೆ ಇಳಿಯದೆ, ಬಡಗಣಕ್ಕೆ ಹೋಗಿಬಿಟ್ಟವು. ಮರುದಿನವೂ ಹಾಗೇ. ನಾಲ್ಕನೆಯ ದಿನ ಆಕಾಶದಲ್ಲೂ ಕಾಣಲಿಲ್ಲ.

ಗುಡಿ ಕಟ್ಟೆಯಲ್ಲಿ ಮತ್ತೆ ಸಭೆ. ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು. ಕೊನೆಗೆ ಎಲ್ಲರೂ ಸೇರಿ ಕುರಿ ಕಾಯುವ ಮುದುಕನ ನಾಯಿಗಳ ಮೇಲೆ ಹಾಕಿದರು. ಅವನು ಕಂಬಳಿ ಹೊದ್ದು ಕೂತಿದ್ದ. ಆಚೆ ಊರಿನ ಹಿರಿಯರೊಬ್ಬರು, "ಹಕ್ಕಿನ ಇಲ್ಲಂದ ಮ್ಯಾಲೆ ಹುಲ್ಲು ಯಾರಿಗಿ ಕಾಯಬೇಕ್ರಿ? ನಾಳಿಗೇ ದನ ಬಿಡ್ತೇವ್ರಿ" ಎಂದರು.

ನಾನು ಎದ್ದು ನಿಂತು ಹೇಳಿದೆ: "ಅಜ್ಜನ ನಾಯಿದೇನೂ ತಪ್ಪಿಲ್ರಿ. ಚರಗಾ ಚೆಲ್ಲಿದಾಕಿ ನಾನು."

ಕಟ್ಟೆಯೆಲ್ಲ ನಕ್ಕಿತು. ಅರಣ್ಯ ಇಲಾಖೆಯ ಗಾರ್ಡ್, "ಹಕ್ಕಿಗೂ ಎಡಿ ಮಾಡಿದ್ರೇನ್ರಿ ಅಮ್ಮಾರ?" ಎಂದ. ನಗಲಿ. ಮುದುಕನ ಮೇಲಿನ ಮಾತು ನಿಂತಿತಲ್ಲ, ಅದೇ ದೇವರ ದಯೆ. ಎಂಟು ದಿನ ನೋಡುವುದು, ಹಕ್ಕಿ ಬಾರದಿದ್ದರೆ ಗಾಯರಾಣ ಬಿಟ್ಟುಕೊಡುವುದು ಎಂದು ತೀರ್ಮಾನವಾಯಿತು.

ಹಿಂದೆ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. ಅದೇ ಹೆಚ್ಚು ಸುಟ್ಟಿತು. ಎರಡು ತಿಂಗಳು ಅವಳು ಹೊತ್ತ ಹೊರೆಯೆಲ್ಲ ನನ್ನ ಅರ್ಧ ಬುಟ್ಟಿ ಕಡುಬಿನಿಂದ ದಂಡವಾಗುವುದಿತ್ತು.

ಮರುದಿನ ಮುಂಜಾನೆ ನಾನು ಹುಲ್ಲಿನಲ್ಲಿ ಬಗ್ಗಿ, ನಾಯಿಗಳು ಬಿಟ್ಟುಹೋದ, ಇರುವೆ ಮುತ್ತಿದ ರೊಟ್ಟಿ ಚೂರು ಆರಿಸುತ್ತಿದ್ದಾಗ ಅವಳು ಬಂದಳು. ಸೊಂಟದಲ್ಲಿ ಕುಡುಗೋಲಿತ್ತು. ಹುಲ್ಲು ಕೊಯ್ಯಲು ಬಂದಳೆಂದುಕೊಂಡೆ. ಆದರೆ ಅವಳು ಕುಡುಗೋಲು ತೆಗೆಯಲಿಲ್ಲ. ಸೆರಗು ಕಟ್ಟಿ ನನ್ನ ಬಾಜುವೇ ಬಗ್ಗಿದಳು.

"ಎಷ್ಟ್ ಚೆಲ್ಲೀಯಬೇ! ಮದವಿ ಊಟ ಆಗತಿತ್ತು."

ಎಲ್ಲ ಆರಿಸಿ ದೂರ ಒಯ್ದು ಹೂತೆವು. ಕುರಿಯ ಮುದುಕ ತನ್ನ ನಾಯಿಗಳನ್ನು ಹಟ್ಟಿಯಲ್ಲಿ ಕಟ್ಟಿದ, ಉಳಿದ ನಾಯಿಗಳನ್ನು ದಿನಾ ಅಟ್ಟಿದ. ನಾನು ಸಂಜೆ ಕೂತೆ, ಖಾಲಿ ಆಕಾಶ ನೋಡಿ ಎದ್ದು ಬಂದೆ. ಆರು ದಿನ ಹೀಗೆ. ದೇವರಿಗೆ ಹೇಳಿಕೊಳ್ಳಲೂ ದಣಿವಾಗುತ್ತಿತ್ತು.

ಏಳನೆಯ ಸಂಜೆ ಹಾಲು ಹಿಂಡುವ ಹೊತ್ತು ಮೀರಿದರೂ ಅಕ್ಕ ನನ್ನ ಜೊತೆ ಬದುವಿನ ಮೇಲೆ ಕೂತಿದ್ದಳು. ಹೊತ್ತು ಮುಳುಗಿದ ಮೇಲೆ ಒಂದು ಹಕ್ಕಿ ತಗ್ಗಿ ತೇಲಿ ಬಂತು. ಸುತ್ತಿತು. ಇಳಿಯಿತು. ಹಿಂದೆಯೇ ಇನ್ನೆರಡು. ಸ್ವಲ್ಪ ತಡೆದು ಮತ್ತೊಂದು. ಆಮೇಲೆ ಯಾವುದೂ ಬರಲಿಲ್ಲ.

"ಇಷ್ಟ ಏನು?" ಎಂದಳು.

"ಇಷ್ಟರ ಬಂದ್ವಲ್ಲಬೇ."

ಮೊದಲು ಬರುತ್ತಿದ್ದ ಹಿಂಡಿಗೆ ಅದು ಏನೇನೂ ಅಲ್ಲ. ಆದರೆ ನಾಲ್ಕು ಹಕ್ಕಿ ಮಲಗಿದ ಹುಲ್ಲಿಗೆ ದನ ಬಿಡುವಂತಿಲ್ಲ. ಶಿವರಾತ್ರಿಯವರೆಗೆ ಅವಳು ಕಾಲುವೆಗೆ ನಡೆಯಬೇಕು, ನಾನು ಇಲ್ಲಿ ಕೂರಬೇಕು. ಇಬ್ಬರೂ ಕೈಯೂರಿ ಎದ್ದೆವು.

"ಮುಂದಿನ ವರ್ಷ ಕಡಬು ಉಳದ್ರ ನನ್ನ ಎಮ್ಮಿಗಿ ತಾ," ಎಂದು ಅವಳು ಮುಂದೆ ನಡೆದಳು.