ಏಕನಾಥಮ್ಮ ಹದ ಕೊಟ್ಟ ಕತ್ತರಿ

ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಗಳ ಲ್ಯಾಬ್ ಇದೆ. ಅದರ ಬೀಗ ತೆಗೆಯುವವಳು, ಫರ್ನೇಸ್ ಹೊತ್ತಿಸುವವಳು, ಉಕ್ಕಿನ ತುಂಡುಗಳನ್ನು ಎಮರಿ ಪೇಪರ್ ಮೇಲೆ ಮುಖ ಕಾಣುವಷ್ಟು ಉಜ್ಜಿಕೊಡುವವಳು ಏಕನಾಥಮ್ಮ. ಓದಿದ್ದು ಏಳನೇ ಕ್ಲಾಸು. ಆದರೆ ಎಂಜಿನಿಯರುಗಳೆಲ್ಲ ಒಂದೊಂದು ಸಲ ಕೇಳಿ ಪಾಸಾಗಿ ಹೋದ ಪಾಠವನ್ನು ಇವಳು ಇಪ್ಪತ್ತೆರಡು ವರ್ಷದಿಂದ, ಕಸ ಗುಡಿಸುತ್ತ ಗುಡಿಸುತ್ತ, ಇಪ್ಪತ್ತೆರಡು ಸಲ ಕೇಳಿದ್ದಾಳೆ. ಹೇಳಿ ಮತ್ತೆ, ಯಾರು ಹೆಚ್ಚು ಓದಿದವರು?

ಪಾಠ ತಲೆಗೆ ಹತ್ತದ ಮಕ್ಕಳು ಮೇಡಂಗಿಂತ ಮೊದಲು ಇವಳನ್ನೇ ಹುಡುಕಿಕೊಂಡು ಬರುತ್ತಾರೆ. ಮೂರನೇ ಸೆಮಿಸ್ಟರಿನ ಚೈತ್ರಾ ಒಮ್ಮೆ, ಉಕ್ಕು ಗಡಸಾದರೆ ಸಾಲದೇ, ಅದನ್ನು ಮತ್ತೆ ಯಾಕೆ ಕಾಯಿಸಿ ಹದ ಕೊಡಬೇಕು ಎಂದು ಅಳುಮೋರೆ ಹಾಕಿಕೊಂಡು ಕೇಳಿದ್ದಳು.

"ಗಾಜಿನ ಬಳೆ ಗಡಸು, ಬಿದ್ರೆ ಒಡಿತೈತೆ. ಚಪ್ಪಲಿ ಮೆತ್ತಗೆ, ಎಸೆದ್ರೂ ಒಡಿಯಲ್ಲ. ಉಕ್ಕಿಗೆ ಎರಡರ ಗುಣಾನೂ ಬೇಕು ಕಣವ್ವ," ಎಂದಳು ಏಕನಾಥಮ್ಮ. ಚೈತ್ರಾ ಅದನ್ನೇ ಪರೀಕ್ಷೆಯಲ್ಲಿ ಬರೆದು ಬಂದಳಂತೆ.

ಏಕನಾಥಮ್ಮನ ತವರು ಹರಿಯಬ್ಬೆ. ಕುರಿ ಸಾಕುವ ಮನೆ. ಅಪ್ಪ ಜುಂಜಪ್ಪ ತೀರಿಕೊಂಡು ಆರು ವರ್ಷವಾಯಿತು. ಅವನದೆಂದು ಉಳಿದಿದ್ದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಒಂದೇ. ಒಂದೇ ಉಕ್ಕಿನ ಪಟ್ಟಿಯನ್ನು ಬಿಲ್ಲಿನ ಹಾಗೆ ಬಾಗಿಸಿ, ಎರಡು ತುದಿಗೂ ಅಲಗು ಮಾಡಿದ್ದು. ಒತ್ತಿದರೆ ಕತ್ತರಿಸುತ್ತದೆ, ಬಿಟ್ಟರೆ ತಾನಾಗಿ ತೆರೆದುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅದನ್ನು ಹಿಡಿಯಲು ಇವಳು ಎಷ್ಟು ಸಲ ಕೈಚಾಚಿದ್ದಳೋ! ಕತ್ತರಿ ಗಂಡಸರದು, ನೂಲುವ ಕದಿರು ಹೆಂಗಸರದು, ನೀನು ಹೋಗಿ ನೂಲು ಎನ್ನುತ್ತಿದ್ದ ಅಪ್ಪ.

ಅಪ್ಪ ಇದ್ದಾಗ, ಕತ್ತರಿಗೆ ಹತ್ತಿದ ಉಣ್ಣೆಯ ಜಿಡ್ಡನ್ನು ಬೂದಿ ಹಾಕಿ ತಿಕ್ಕಿ ತೆಗೆಯುತ್ತಿದ್ದ. ತಮ್ಮ ಬೀರೇಶನಿಗೆ ಅಷ್ಟು ತಾಳ್ಮೆಯೆಲ್ಲಿ? ಜಿಡ್ಡು ಸುಟ್ಟುಹೋಗಲಿ ಎಂದು ಒಲೆಯ ಕೆಂಡದೊಳಗೆ ತುರುಕಿದ, ಮರೆತ, ಮರುದಿನ ಬೂದಿ ಕೆದಕಿ ತೆಗೆದ. ಜಿಡ್ಡೂ ಹೋಗಿತ್ತು, ಹದವೂ ಹೋಗಿತ್ತು. ಸಾಣೆ ಹಿಡಿದರೂ ಎರಡು ಎಳೆಗೆ ಮೊಂಡಾಗುತ್ತಿತ್ತು, ಒತ್ತಿದರೆ ಮುಚ್ಚಿದ್ದು ಮುಚ್ಚಿಕೊಂಡೇ ಇರುತ್ತಿತ್ತು. ಭಾನುವಾರ ಉಣ್ಣೆ ಕತ್ತರಿಸಬೇಕು. ಬೀರೇಶ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕಳ್ಳನಂತೆ ಲ್ಯಾಬಿನ ಬಾಗಿಲಿಗೆ ಬಂದು ನಿಂತ.

"ಉಕ್ಕನ್ನ ಕಾಯಿಸಿ ನಿಧಾನಕ್ಕೆ ಆರಿಸಿದ್ರೆ ಮೆತ್ತಗಾಗದೆ ಇನ್ನೇನಾಗ್ತೈತಲೇ? ನಮ್ಮ ಹುಡುಗ್ರು ಮಾರ್ಕ್ಸಿಗೆ ಮಾಡೋದನ್ನ ನೀನು ಬಿಟ್ಟಿ ಮಾಡೀಯ," ಎಂದು ಏಕನಾಥಮ್ಮ ಬೈದಳು. ಬೈದು ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು.

ಪಾಠ ಮಾಡುವ ಅನುಸೂಯ ಮೇಡಂಗೆ ವಿಷಯ ಹೇಳಿದಾಗ ಅವರು ಕತ್ತರಿಯನ್ನು ತಿರುಗಿಸಿ ನೋಡಿ, ಗುರುವಾರದ ಪ್ರಾಕ್ಟಿಕಲ್‌ನಲ್ಲಿ ಇದನ್ನೇ ಮಾಡೋಣ, ಆದರೆ ಮಾಡಿ ತೋರಿಸುವವಳು ನೀನೇ ಎಂದುಬಿಟ್ಟರು. ಕಾಯಿಸಿ ಅದ್ದುವಾಗ ಲ್ಯಾಬಿನ ಉಕ್ಕಿನ ತುಂಡು ಬಿರುಕು ಬಿಟ್ಟರೆ ಇನ್ನೊಂದು ತೆಗೆದುಕೊಳ್ಳಬಹುದು. ಅಪ್ಪನ ಕತ್ತರಿ ಬಿರುಕು ಬಿಟ್ಟರೆ ಇನ್ನೊಂದಿಲ್ಲ.

ಗುರುವಾರ ಕತ್ತರಿ ಫರ್ನೇಸಿನಲ್ಲಿ ಮಾಗಿದ ಟೊಮೆಟೊ ಬಣ್ಣಕ್ಕೆ ಬಂತು. ಚೈತ್ರಾ ಉದ್ದ ಇಕ್ಕಳದಲ್ಲಿ ಆಯಸ್ಕಾಂತ ಹಿಡಿದು ತಾಗಿಸಿದಳು, ಅಂಟಲಿಲ್ಲ; ಸಾಕಷ್ಟು ಕಾದ ಉಕ್ಕಿಗೆ ಅದು ಹಿಡಿಯುವುದಿಲ್ಲ. ಇನ್ನು ಸ್ವಲ್ಪ ಕಾದರೆ ಒಳಗಿನ ಕಣಗಳ ಜೋಡಣೆಯೇ ಬದಲಾಗುತ್ತದೆ ಎಂದರು ಮೇಡಂ. ಆ ಸ್ವಲ್ಪವನ್ನೂ ಕಾದು, ಏಕನಾಥಮ್ಮ ಕತ್ತರಿಯನ್ನು ಎತ್ತಿ ಎಣ್ಣೆಗೆ ಅದ್ದಿದಳು. ಭುಸ್ ಎಂದು ಹೊಗೆ. ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಬಿರುಕು ಬಿಟ್ಟರೆ ಟಿಕ್ ಎಂಬ ಸದ್ದು ಬರುತ್ತದೆ. ಬರಲಿಲ್ಲ.

ತಟ್ಟನೆ ಆರಿದ್ದಕ್ಕೆ ಉಕ್ಕಿನೊಳಗಿನ ಇಂಗಾಲಕ್ಕೆ ಹೊರಗೆ ಬರಲು ಪುರುಸೊತ್ತಾಗಲಿಲ್ಲ, ಸಂತೆ ದಿನದ ಬಸ್ಸಿಗೆ ಬಾಗಿಲು ಹಾಕಿದ ಹಾಗೆ ಬಿಗಿದುಕೊಂಡಿದೆ, ಆ ಬಿಗುವೇ ಗಡಸು ಎಂದು ಅವಳೇ ಮಕ್ಕಳಿಗೆ ಹೇಳಿದಳು. ಉಜ್ಜಲು ಅರ ಹಾಕಿದರೆ ಕೊರೆಯದೆ ಜಾರುತ್ತಿತ್ತು. ಆದರೆ ಈಗ ಒತ್ತಿದರೆ ಬಳೆಯ ಗತಿಯೇ. ಅವಳು ಕತ್ತರಿಯ ಮೈ ಬೆಳ್ಳಗಾಗುವಂತೆ ಉಜ್ಜಿ, ಕಡಿಮೆ ಶಾಖದಲ್ಲಿ ಮತ್ತೆ ಇಟ್ಟಳು. ಅಲಗು ಒಣಗಿದ ರಾಗಿಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಹೊರಗೆ ತೆಗೆದಳು. ಅಲಗಿಗೆ ಅಷ್ಟು ಸಾಕು, ಒತ್ತಿದರೆ ಮುರಿಯದೆ ಪುಟಿಯಬೇಕಾದ ಬಿಲ್ಲಿಗೆ ಸಾಲದು. ಅಲಗುಗಳಿಗೆ ಒದ್ದೆ ಕಂಬಳಿ ತುಂಡು ಸುತ್ತಿ, ಬಿಲ್ಲನ್ನು ಮಾತ್ರ ಬರ್ನರಿಗೆ ಹಿಡಿದಳು. ಹುಲ್ಲಿನ ಬಣ್ಣ ಕಂದಾಯಿತು, ನೇರಳೆಯಾಯಿತು, ನವಿಲಿನ ಕತ್ತಿನ ನೀಲಿಯಾಯಿತು. ಸಾಕು ಎಂದು ಬರ್ನರ್ ಆರಿಸಿದಳು.

ಆರಿದ ಮೇಲೆ ಕಣ್ಣು ಮುಚ್ಚಿ ಒತ್ತಿದಳು. ಬಿಟ್ಟಳು. ಕತ್ತರಿ ತಾನಾಗಿ ತೆರೆದುಕೊಂಡಿತು. ಮಕ್ಕಳು ಚಪ್ಪಾಳೆ ಹೊಡೆದ ಸದ್ದಿಗೆ ಪಕ್ಕದ ಕ್ಲಾಸಿನವರೆಲ್ಲ ಎದ್ದು ಬಂದರು.

ಭಾನುವಾರ ಬೆಳಿಗ್ಗೆ ಹರಿಯಬ್ಬೆಯಲ್ಲಿ ಬೀರೇಶ ಹೊಸದಾಗಿ ಸಾಣೆ ಹಿಡಿದ ಕತ್ತರಿಯನ್ನು ಎರಡು ಸಲ ಒತ್ತಿ ನೋಡಿದ. ನೆಲಕ್ಕೆ ಕೆಡವಿದ ಮೊದಲ ಕುರಿಯ ಮುಂದೆ ಕೂರದೆ, ಅದನ್ನು ಅಕ್ಕನ ಕಡೆ ಚಾಚಿದ. ಅಪ್ಪ ಒಪ್ಪುತ್ತಿರಲಿಲ್ಲ ಎಂದು ಏಕನಾಥಮ್ಮ ಹಿಂದೆ ಸರಿದಳು.

"ಅಪ್ಪನ ಕತ್ತರಿ ಕೆಡಿಸ್ದೋನು ಗಂಡಸು ಕಣಕ್ಕ, ಉಳಿಸ್ದೋಳು ನೀನು. ಹಿಡಿ," ಎಂದ ಬೀರೇಶ.

ಅವಳು ಕುಕ್ಕರುಗಾಲಲ್ಲಿ ಕುಳಿತು, ಬೆವರುತ್ತ, ಅರ್ಧ ಗಂಟೆ ಕತ್ತರಿಸಿದಳು. ಕತ್ತರಿ ಒಂದು ಕಡೆಯೂ ತಡೆಯಲಿಲ್ಲ. ಕೈ ಮಾತ್ರ ಎಲ್ಲ ಕಡೆ ತಡೆಯಿತು. ಎದ್ದು ನಿಂತ ಕುರಿ ಅಲ್ಲಲ್ಲಿ ಮೇಯ್ದ ಹೊಲದ ಹಾಗಿತ್ತು. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರಿಗಿಂತ ಹೆಚ್ಚು ಏಕನಾಥಮ್ಮನೇ ನಕ್ಕಳು. ನಕ್ಕು ಸುಧಾರಿಸಿಕೊಂಡು, ಸೆರಗಿನಿಂದ ಅಲಗು ಒರೆಸಿ, ಇನ್ನೊಂದು ಕುರಿ ತಾ ಎಂದಳು.